ಎತ್ತರ ಕಮ್ಮಿ ಇರುವವರಿಗೆ ಟೂರಿಂಗ್ ಬೈಕ್: ಚಿಕ್ಕಮಗಳೂರಿನ ರಸ್ತೆಗೆ ಹೊಂದಿಸಿಕೊಳ್ಳುವ ಬಗೆ

ಶೋರೂಮಿನಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನಂಥ ಟೂರಿಂಗ್ ಬೈಕ್, ಅಂದರೆ ದೂರ ಪ್ರಯಾಣದ ಬೈಕ್ ಮೇಲೆ ಕೂತು, ಎರಡೂ ಪಾದ ನೆಲಕ್ಕೆ ಪೂರ್ತಿ ಊರಲಿಲ್ಲ ಅಂತ ಸುಮ್ನೆ ಇಳಿದು ಬಂದವರು ನಮ್ಮ ಚಿಕ್ಕಮಗಳೂರಿನಲ್ಲಿ ತುಂಬಾ ಜನ ಇದ್ದಾರೆ. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಇದ್ದಾರೆ. ಹುಡುಗರು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಎರಡೂ ಪಾದ ಪೂರ್ತಿ ಊರಲೇಬೇಕು ಅನ್ನುವುದು ಸ್ಕೂಟರ್ ಓಡಿಸಿ ಬಂದ ಅಭ್ಯಾಸ. ಟೂರಿಂಗ್ ಬೈಕಿಗೆ ಅಷ್ಟು ಬೇಡ. ಒಂದು ಕಾಲಿನ ಪಾದದ ಮುಂಭಾಗ ಗಟ್ಟಿಯಾಗಿ ಊರಬೇಕು, ಇನ್ನೊಂದು ಕಾಲು ಬ್ರೇಕ್ ಪೆಡಲ್ ಮೇಲಿರಬೇಕು. ಇಷ್ಟು ಸಾಧ್ಯವಾದರೆ ಬೈಕ್ ನಿಮ್ಮದು. ಹಾಗಾಗಿ ಈ ಲೇಖನದ ಗುರಿ ಬೈಕನ್ನು ಆದಷ್ಟು ಕೆಳಗಿಳಿಸುವುದಲ್ಲ. ಒಂದು ಕಾಲು ನಂಬಿಕೆಯಿಂದ ಊರುವಷ್ಟು ಮಾಡಿಕೊಂಡು, ಉಳಿದ ಕೆಲಸವನ್ನು ಕೈ, ಸೀಟು, ಅಭ್ಯಾಸಗಳಿಗೆ ಬಿಡುವುದು.

ಕ್ರಮ ಇಲ್ಲಿ ಬಹಳ ಮುಖ್ಯ. ಖರ್ಚಿಲ್ಲದ್ದು ಮತ್ತು ಬೇಡವಾದರೆ ವಾಪಸ್ ಮೊದಲಿನಂತೆ ಮಾಡಬಹುದಾದದ್ದು ಮೊದಲು. ಕತ್ತರಿಸುವುದು, ವೆಲ್ಡಿಂಗ್ ಮಾಡುವುದು ಕೊನೆಗೆ. ಗ್ಯಾರೇಜಿಗೆ ಹೋದರೆ ಇದು ಉಲ್ಟಾ ಆಗುತ್ತದೆ. "ಅಕ್ಕಾ, ಎರಡಿಂಚು ಇಳಿಸಿಬಿಡೋಣ, ಆರಾಮಾಗುತ್ತೆ" ಅನ್ನುವುದೇ ಅಲ್ಲಿ ಮೊದಲ ಮಾತು. ಬೆಂಗಳೂರಿನ ಫ್ಲೈಓವರ್ ಮೇಲೆ ಓಡಾಡುವ ಬೈಕಿಗೆ ಅದು ನಡೆದೀತು. ಎಸ್ಟೇಟ್ ದಾರಿ, ಘಾಟಿ, ಅಳತೆ ಇಲ್ಲದ ರೋಡ್ ಹಂಪ್‌ಗಳ ಊರಲ್ಲಿ ಎರಡಿಂಚು ಕಳೆದುಕೊಳ್ಳುವುದು ಸಣ್ಣ ಮಾತಲ್ಲ.

ಮೊದಲು ಅಳತೆ

ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಲ್ಲಿ. ಪಾದಗಳ ನಡುವೆ ಅರ್ಧ ಅಡಿ ಜಾಗ ಇರಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚು ಗೋಡೆಗೆ ತಾಗುವಲ್ಲಿ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಆ ಗುರುತಿನವರೆಗಿನ ಎತ್ತರವೇ ನಿಮ್ಮ ಕಾಲಿನ ಒಳ ಅಳತೆ. ಐದಡಿ ಎರಡಿಂಚಿನವರಿಗೆ ಇದು ಸುಮಾರು 70ರಿಂದ 73 ಸೆಂಮೀ ಬರುತ್ತದೆ. ಬೈಕಿಗೆ ಬೇಕಾಗಿರುವುದು ಈ ಅಳತೆ, ನಿಮ್ಮ ಒಟ್ಟು ಎತ್ತರವಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಕಾಲಿನ ಉದ್ದ ಒಂದಿಂಚು ಹೆಚ್ಚುಕಮ್ಮಿ ಇರುವುದು ಮಾಮೂಲಿ.

ಇನ್ನು ಬೈಕಿನ ಕಡೆಯ ಲೆಕ್ಕ. ಕಂಪನಿಗಳು ಕೊಡುವ ಸೀಟಿನ ಎತ್ತರ ಹೀಗಿದೆ: ಮೀಟಿಯೋರ್ 350ಕ್ಕೆ 765 ಮಿಮೀ, ಡೊಮಿನಾರ್ 400 ಮತ್ತು ಹಳೆಯ ಹಿಮಾಲಯನ್ 411ಕ್ಕೆ 800, ಕ್ಲಾಸಿಕ್ 350ಕ್ಕೆ 805, ಎಕ್ಸ್‌ಪಲ್ಸ್ 200 4ವಿಗೆ 825, ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ 835, ಮೊದಲ ತಲೆಮಾರಿನ ಕೆಟಿಎಂ 390 ಅಡ್ವೆಂಚರ್‌ಗೆ 855. ಹಿಮಾಲಯನ್ 450ರ ಸೀಟನ್ನು 825 ಮತ್ತು 845 ಹೀಗೆ ಎರಡು ಮಟ್ಟದಲ್ಲಿ ಕೂರಿಸಬಹುದು. ಸೆಕೆಂಡ್ ಹ್ಯಾಂಡ್ 450 ನೋಡಲು ಹೋದರೆ ಸೀಟು ಯಾವ ಮಟ್ಟದಲ್ಲಿದೆ ಅಂತ ಮೊದಲು ಕೇಳಿ. ಮೇಲಿನ ಮಟ್ಟದಲ್ಲಿ ಕೂತು "ನನಗಲ್ಲ" ಅಂತ ಎದ್ದು ಬರಬೇಡಿ.

ಈ ಅಂಕಿಗಳು ಹೇಳದ ಎರಡು ವಿಷಯ ಇವೆ. ಒಂದು, ನೀವು ಕೂತಾಗ ಶಾಕ್ ಅಬ್ಸಾರ್ಬರ್ ಕುಸಿದು ಸೀಟು ಎಷ್ಟು ತಗ್ಗುತ್ತದೆ ಅನ್ನುವುದು. ಇನ್ನೊಂದು, ಸೀಟಿನ ಮುಂಭಾಗ ಎಷ್ಟು ಅಗಲ ಇದೆ ಅನ್ನುವುದು. ಅಗಲ ಸೀಟಿನ ಮೇಲೆ ಕಾಲು ಮೊದಲು ಹೊರಗೆ ಹೋಗಿ ಆಮೇಲೆ ಕೆಳಗೆ ಇಳಿಯಬೇಕು. ಆ ಸುತ್ತುದಾರಿಯಲ್ಲೇ ನಿಮ್ಮ ಒಂದಿಂಚು ಖರ್ಚಾಗಿ ಹೋಗುತ್ತದೆ. ಅದಕ್ಕೇ 800 ಅಂತ ಬರೆದಿರುವ ಎರಡು ಬೈಕಿನಲ್ಲಿ ಒಂದು ಎಟುಕುತ್ತದೆ, ಇನ್ನೊಂದು ಎಟುಕುವುದಿಲ್ಲ.

ಹಾಗಾಗಿ ಬೈಕ್ ಮೇಲೆ ಕೂತೇ ನೋಡಬೇಕು. ಸಮತಟ್ಟು ನೆಲದಲ್ಲಿ ಬೈಕನ್ನು ಒಬ್ಬರು ಹಿಂದಿನಿಂದ ನೆಟ್ಟಗೆ ಹಿಡಿದುಕೊಳ್ಳಲಿ. ನೀವು ಓಡಿಸುವಾಗ ಹಾಕುವ ಶೂ, ಜಾಕೆಟ್ ಹಾಕಿಕೊಂಡೇ ಕೂತು ಎರಡೂ ಕಾಲು ಇಳಿಬಿಡಿ. ಹಿಮ್ಮಡಿಯಿಂದ ನೆಲಕ್ಕೆ ಎಷ್ಟು ಅಂತರ ಇದೆ ಅಂತ ಇನ್ನೊಬ್ಬರು ಸ್ಕೇಲ್ ಇಟ್ಟು ನೋಡಲಿ. ಎರಡೂ ಕಡೆ ಹಿಮ್ಮಡಿ 5 ಸೆಂಮೀ ಒಳಗೆ ಎತ್ತರದಲ್ಲಿದ್ದರೆ ಮುಂದಿನ ಎರಡು ಹೆಜ್ಜೆಯಲ್ಲೇ ಕೆಲಸ ಮುಗಿಯುತ್ತದೆ. ಬೆರಳ ತುದಿ ಮಾತ್ರ ತಾಗುತ್ತಿದ್ದರೆ ಸೀಟಿನ ಕೆಲಸ ಬೇಕು. ಬೆರಳೂ ತಾಗದಿದ್ದರೆ ಬೇರೆ ಬೈಕ್ ನೋಡುವುದೇ ಒಳ್ಳೆಯದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ತೂಕವನ್ನೂ ಮರೆಯಬೇಡಿ. ಎರಡೂ ತಲೆಮಾರಿನ ಹಿಮಾಲಯನ್ 200 ಕೆಜಿಯ ಆಸುಪಾಸು ತೂಗುತ್ತವೆ. ವಿ-ಸ್ಟ್ರಾಮ್ ಎಸ್‌ಎಕ್ಸ್ 167 ಕೆಜಿ, ಎಕ್ಸ್‌ಪಲ್ಸ್ ಅದಕ್ಕಿಂತ ಕಮ್ಮಿ. ಎತ್ತರ ಇದ್ದರೂ ಹಗುರ ಇರುವ ಬೈಕ್ ಒಂದು ಕಾಲಿನ ಮೇಲೆ ಸಲೀಸಾಗಿ ನಿಲ್ಲುತ್ತದೆ. ನನ್ನನ್ನು ಕೇಳಿದರೆ ಎತ್ತರ ಕಮ್ಮಿ ಇದ್ದು ಮೈಯೂ ಸಣ್ಣಗಿರುವವರು ಮೊದಲು ತೂಕ ನೋಡಿ, ಆಮೇಲೆ ಎತ್ತರ ನೋಡಬೇಕು.

ಶೂ

ಅತಿ ಅಗ್ಗದ ಒಂದಿಂಚು ಸಿಗುವುದು ಇಲ್ಲಿ. ದಪ್ಪ ಅಟ್ಟೆಯ ರೈಡಿಂಗ್ ಬೂಟು 25ರಿಂದ 30 ಮಿಮೀ ಕೊಡುತ್ತದೆ. ಇರುವ ಬೂಟಿಗೇ ಚಮ್ಮಾರರ ಹತ್ತಿರ ಇನ್ನೊಂದು ಪದರ ಹಾಕಿಸಬಹುದು. ಆದರೆ ಹವಾಯಿ ಚಪ್ಪಲಿಯ ಮೆತ್ತನೆ ಸ್ಪಂಜು ಬೇಡ, ಗಟ್ಟಿ ರಬ್ಬರ್ ಬೇಕು. ಬರೀ ಅಂಟಿಸಿದರೆ ಸಾಲದು, ಹೊಲಿಗೆಯೂ ಬೇಕು. ನಮ್ಮ ಮಳೆಗೆ ಅಂಟು ನಿಲ್ಲುವುದಿಲ್ಲ. ಹಿಮ್ಮಡಿಗೆ ಮಾತ್ರ ಎತ್ತರ ಕೊಟ್ಟರೆ ಏನೂ ಉಪಯೋಗವಿಲ್ಲ. ನೀವು ಊರುವುದು ಪಾದದ ಮುಂಭಾಗವನ್ನು, ದಪ್ಪ ಅಲ್ಲಿರಬೇಕು.

ತೋಟಕ್ಕೆ ಹಾಕುವ ಗಂಬೂಟು ಹಾಕಿಕೊಂಡು ಬೈಕ್ ಓಡಿಸುವವರನ್ನು ಮಳೆಗಾಲದಲ್ಲಿ ನೋಡುತ್ತಲೇ ಇರುತ್ತೇವೆ. ದಪ್ಪ ಇದೆ ನಿಜ. ಆದರೆ ಗೇರ್ ಲಿವರ್ ಕಾಲಿಗೆ ಗೊತ್ತೇ ಆಗುವುದಿಲ್ಲ, ಬಿದ್ದರೆ ಪಾದದ ಗಂಟಿಗೆ ಆಸರೆಯೂ ಇಲ್ಲ. ಬೇಡ.

ಅಟ್ಟೆ ದಪ್ಪವಾದ ಮೇಲೆ ಗೇರ್ ಲಿವರ್ ಕೆಳಗೆ ಬೂಟು ಸಿಕ್ಕಿಕೊಳ್ಳಬಹುದು. ಲಿವರನ್ನು ಅದರ ಹಲ್ಲುಗಳ ಮೇಲೆ ಒಂದು ಹಲ್ಲು ಮೇಲಕ್ಕೆ ಕೂರಿಸಿ, ಅಥವಾ ರಾಡ್ ಇರುವ ಬೈಕಾದರೆ ಅದರ ನಟ್ ತಿರುಗಿಸಿ ಎತ್ತರ ಸರಿಮಾಡಿ. ಬ್ರೇಕ್ ಪೆಡಲಿಗೂ ಹೀಗೆಯೇ. ಕೂತಲ್ಲಿಂದ ಪಾದ ಎತ್ತದೆ, ಬರೀ ಪಾದ ಓಲಿಸಿದರೆ ಬ್ರೇಕ್ ಸಿಗಬೇಕು.

ಹಿಂದಿನ ಶಾಕ್: ಒಂದು ಸ್ಪ್ಯಾನರಿನ ಕೆಲಸ

ಹಿಂದಿನ ಶಾಕಿನ ಸ್ಪ್ರಿಂಗಿಗೆ ಮೊದಲೇ ಎಷ್ಟು ಒತ್ತಡ ಕೊಟ್ಟಿರಬೇಕು ಅನ್ನುವುದಕ್ಕೆ ಪ್ರೀಲೋಡ್ ಅನ್ನುತ್ತಾರೆ. ನೀವು 50, 55 ಕೆಜಿಯವರಾದರೆ ಕಂಪನಿಯ ಸೆಟ್ಟಿಂಗಿನಲ್ಲಿ ಬೈಕ್ ನಿಮ್ಮ ಕೆಳಗೆ ಕುಸಿಯುವುದು ಕಮ್ಮಿ. ಬೈಕ್ ಎತ್ತರವಾಗಿಯೇ ನಿಂತಿರುತ್ತದೆ, ಗುಂಡಿಗಳೂ ಬೆನ್ನಿಗೆ ಜಾಸ್ತಿ ಹೊಡೆಯುತ್ತವೆ. ಪ್ರೀಲೋಡ್ ಕಮ್ಮಿ ಮಾಡಿದರೆ ಎರಡೂ ತೊಂದರೆ ಒಟ್ಟಿಗೇ ಕಮ್ಮಿಯಾಗುತ್ತವೆ. ಇಷ್ಟು ಸುಲಭದ ಕೆಲಸವನ್ನು ಯಾರೂ ಮಾಡಿಸಿಕೊಳ್ಳುವುದಿಲ್ಲ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಅಳೆಯುವುದು ಹೀಗೆ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಗಾಳಿಯಲ್ಲಿರುವಂತೆ ಮಾಡಿ. ಚಕ್ರದ ನಡುವಿನ ಆಕ್ಸಲ್ ನಟ್‌ನಿಂದ ಅದರ ನೇರ ಮೇಲಿರುವ ಒಂದು ಜಾಗಕ್ಕೆ ಅಳತೆ ತೆಗೆದುಕೊಳ್ಳಿ. ಅಲ್ಲೊಂದು ಟೇಪ್ ಅಂಟಿಸಿ ಗುರುತು ಮಾಡಿಕೊಂಡರೆ ಒಳ್ಳೆಯದು. ಈಗ ಬೈಕನ್ನು ಇಳಿಸಿ, ಓಡಿಸುವಾಗ ಹಾಕುವ ಶೂ, ಜಾಕೆಟ್, ಹೆಲ್ಮೆಟ್ ಎಲ್ಲಾ ಹಾಕಿಕೊಂಡು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂತುಕೊಳ್ಳಿ. ಒಬ್ಬರು ಹಿಡಿದಿರಲಿ, ಇನ್ನೊಬ್ಬರು ಅದೇ ಅಳತೆ ಮತ್ತೆ ತೆಗೆಯಲಿ. ಎರಡರ ವ್ಯತ್ಯಾಸ ಚಕ್ರದ ಒಟ್ಟು ಓಡಾಟದ, ಅಂದರೆ ಚಕ್ರ ಮೇಲೆ ಕೆಳಗೆ ಸರಿಯಬಲ್ಲ ದೂರದ, ಮೂರರಲ್ಲೊಂದು ಪಾಲಿನ ಹತ್ತಿರ ಇರಬೇಕು. ಹಿಮಾಲಯನ್ 411ರ ಹಿಂದಿನ ಚಕ್ರದ ಓಡಾಟ 180 ಮಿಮೀ. ಹಾಗಾದರೆ 55ರಿಂದ 60 ಮಿಮೀ ಕುಸಿತ ಸರಿ. ನಿಮಗೆ ಬರೀ 35 ಬಂತು ಅಂದರೆ ಒಂದಿಂಚು ಅಲ್ಲೇ ಬಿದ್ದಿದೆ, ತೆಗೆದುಕೊಳ್ಳಿ.

ಶಾಕಿನ ಮೇಲಿರುವ ಹಲ್ಲಿನ ಉಂಗುರವನ್ನು ಸಿ ಆಕಾರದ ಸ್ಪ್ಯಾನರಿನಿಂದ ಒಂದೊಂದೇ ಮೆಟ್ಟಿಲು ಸಡಿಲ ಮಾಡುತ್ತಾ ಮತ್ತೆ ಅಳೆಯಿರಿ. ಎರಡು ಶಾಕ್ ಇರುವ ಬೈಕಾದರೆ ಎರಡೂ ಕಡೆ ಒಂದೇ ಮೆಟ್ಟಿಲಿನಲ್ಲಿರಬೇಕು. ಮೂರರಲ್ಲೊಂದು ಪಾಲಿಗಿಂತ ಕೆಳಗಿಳಿಸುವ ಆಸೆ ಬೇಡ. ಆಗ ದೊಡ್ಡ ಗುಂಡಿಗೆ ಶಾಕ್ ಪೂರ್ತಿ ಕೂತು "ಠಕ್" ಅಂತ ಬಡಿಯುತ್ತದೆ. ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುವ ದಿನ, ಲಗೇಜ್ ಕಟ್ಟುವ ದಿನ ಮತ್ತೆ ಬಿಗಿ ಮಾಡಿಕೊಳ್ಳಬೇಕು. ಸ್ಪ್ಯಾನರ್ ಟೂಲ್‌ಕಿಟ್ಟಿನಲ್ಲೇ ಇರಲಿ.

ಸೀಟು

ನಿಜವಾದ ವ್ಯತ್ಯಾಸ ಬರುವುದು ಇಲ್ಲಿ. ಕೆಡುವುದೂ ಇಲ್ಲೇ ಜಾಸ್ತಿ.

ಮೊದಲ ಮಾತು, ಬೈಕಿನ ಜೊತೆ ಬಂದ ಸೀಟಿಗೆ ಕೈ ಹಾಕಬೇಡಿ. ಅದೇ ಮಾಡೆಲಿನ ಇನ್ನೊಂದು ಸೀಟು ಹಳೆ ಬಿಡಿಭಾಗದ ಅಂಗಡಿಯಲ್ಲೋ ಸೀಟ್ ಬದಲಾಯಿಸಿಕೊಂಡವರ ಹತ್ತಿರವೋ ಸಿಗುತ್ತದೆ. ಕವರ್ ಹರಿದಿದ್ದರೂ ಪರವಾಗಿಲ್ಲ, ಕೆಳಗಿನ ಪ್ಲಾಸ್ಟಿಕ್ ತಳ ಮತ್ತು ಲಾಕ್ ಸರಿಯಿದ್ದರೆ ಸಾಕು. ಮುಂದೆ ಬೈಕ್ ಮಾರುವಾಗ ಮೂಲ ಸೀಟು ಹೊಸದಾಗಿಯೇ ಉಳಿದಿರುತ್ತದೆ. ಹಿಮಾಲಯನ್ 450ರಂಥ ಕೆಲವು ಬೈಕಿಗೆ ಕಂಪನಿಯೇ ತಗ್ಗಿನ ಸೀಟನ್ನು ಬೇರೆಯಾಗಿ ಮಾರುತ್ತದೆ. ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ, ಕತ್ತರಿಸುವ ತಲೆನೋವೇ ಇಲ್ಲ.

ಇನ್ನು ಕುಶನ್ ಅಂಗಡಿಗೆ ಹೋದಾಗ ಏನು ಹೇಳಬೇಕು? "ಸೀಟ್ ತಗ್ಗಿಸಿ" ಅಂತ ಮಾತ್ರ ಹೇಳಿದರೆ ಮೇಲಿನಿಂದ ಒಂದೂವರೆ ಇಂಚು ಸ್ಪಂಜು ಹಾರಿಸಿ, ಮಟ್ಟಸ ಮಾಡಿ, ಹೊಸ ರೆಕ್ಸಿನ್ ಹೊಡೆದು ಕೊಡುತ್ತಾರೆ. ನೋಡಲು ಚೆಂದ. ಹಾಸನ ತಲುಪುವಷ್ಟರಲ್ಲಿ ಪ್ಲಾಸ್ಟಿಕ್ ತಳ ಮೂಳೆಗೆ ಒತ್ತಲು ಶುರುವಾಗುತ್ತದೆ. ಬೆಂಗಳೂರಿಗೆ ಹೋಗುವ ಮಾತು ಬಿಡಿ.

ಹೇಳಬೇಕಾದದ್ದು ಬೇರೆ. ಮೊದಲು ಅಗಲ ಕಮ್ಮಿ ಮಾಡಿಸಿ. ಸೀಟಿನ ಮುಂಭಾಗ, ಟ್ಯಾಂಕಿಗೆ ತಾಗುವ ಕಡೆ, ನಿಮ್ಮ ತೊಡೆ ಇಳಿಯುವ ಜಾಗದಲ್ಲಿ ಎರಡೂ ಅಂಚನ್ನು ಓರೆಯಾಗಿ ಕೆತ್ತಬೇಕು. ಆ ಜಾಗ ಎಲ್ಲಿ ಅಂತ ಅಂಗಡಿಯವರು ಊಹೆ ಮಾಡುವುದು ಬೇಡ. ಕವರ್ ಬಿಚ್ಚಿದ ಸೀಟನ್ನು ಬೈಕಿಗೆ ಕೂರಿಸಿ, ನೀವು ಕೂತು, ಕಾಲು ಇಳಿಬಿಟ್ಟು, ಒಳತೊಡೆ ಒತ್ತುವ ಕಡೆ ಮಾರ್ಕರಿನಿಂದ ಗೆರೆ ಎಳೆಸಿಕೊಳ್ಳಿ. ಕೂರುವ ಮೂಳೆಗಳು ಇರುವ ಹಿಂಭಾಗದ ಅಗಲವನ್ನು ಮುಟ್ಟಬಾರದು. ಮುಂದೆ ಸಪೂರ, ಹಿಂದೆ ಅಗಲ, ಬೇಕಾಗಿರುವುದು ಇಷ್ಟು. ಬರೀ ಈ ಕೆತ್ತನೆಯಿಂದಲೇ ಹಿಮ್ಮಡಿ ಕಣ್ಣಿಗೆ ಕಾಣುವಷ್ಟು ಕೆಳಗೆ ಬರುತ್ತದೆ, ಸೀಟಿನ ಎತ್ತರ ಒಂದು ಮಿಮೀ ಇಳಿಯದೆ.

ಆಮೇಲೂ ಸಾಲದಿದ್ದರೆ ಮೇಲಿನಿಂದ 20, ಹೆಚ್ಚೆಂದರೆ 25 ಮಿಮೀ. ಉಳಿಯುವ ಸ್ಪಂಜು ಯಾವ ಕಡೆಯೂ ಎರಡಿಂಚಿಗಿಂತ ತೆಳ್ಳಗಾಗದಿರಲಿ. ಕಡಿಮೆ ದಪ್ಪಕ್ಕೆ ಗಟ್ಟಿ ಫೋಮ್ ಬೇಕು. ಹೆಬ್ಬೆರಳಿನಿಂದ ಒತ್ತಿ ನೋಡಿ. ತಳ ಸಿಕ್ಕಿಬಿಟ್ಟರೆ ಅದು ಸೋಫಾದ ಫೋಮ್, ಬೈಕಿಗೆ ಬರುವುದಿಲ್ಲ. ಕೂರುವ ಜಾಗ ಮುಂದಕ್ಕೆ ಇಳಿಜಾರಾಗಬಾರದು ಅನ್ನುವುದನ್ನು ಎರಡು ಸಲ ಹೇಳಿ. ಇಳಿಜಾರಾದರೆ ಘಾಟಿ ಇಳಿಯುವಾಗ ಪ್ರತಿ ಬ್ರೇಕಿಗೂ ಟ್ಯಾಂಕಿನ ಮೇಲೆ ಜಾರುತ್ತೀರಿ, ತೋಳಿನಲ್ಲಿ ಒತ್ತಿ ಒತ್ತಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಮುಟ್ಟುವುದರೊಳಗೆ ಮಣಿಕಟ್ಟು ನೋಯುತ್ತದೆ.

ಕವರನ್ನು ತಕ್ಷಣ ಹೊಲಿಸಬೇಡಿ. ಕೆತ್ತಿದ ಸ್ಪಂಜಿನ ಮೇಲೆ ಹಳೆ ಕವರನ್ನೇ ಎಳೆದು ಟೇಪ್ ಸುತ್ತಿ, ಆಲ್ದೂರಿನ ತನಕ ಹೋಗಿ ಬನ್ನಿ. ಆ ರಸ್ತೆಯಲ್ಲಿ ತಿರುವು, ಏರು, ಹಂಪ್ ಎಲ್ಲಾ ಸಿಗುತ್ತದೆ. ಎಲ್ಲಿ ಒತ್ತುತ್ತದೆ ಅಂತ ಗೊತ್ತಾದ ಮೇಲೆ ಇನ್ನೊಂದು ಸುತ್ತು ಕೆತ್ತಿಸಿ. ಅಂಗಡಿಯವರು ಗೊಣಗಬಹುದು. ಮೊದಲೇ "ಎರಡು ಸಲ ಬರುತ್ತೇನೆ ಅಣ್ಣಾ" ಅಂತ ಹೇಳಿ ರೇಟ್ ಮಾತಾಡಿಕೊಂಡರೆ ಜಗಳ ಇಲ್ಲ.

ಕೊನೆಗೆ ಕವರ್. ಮಲೆನಾಡಿನ ಸೀಟಿಗೆ ದೊಡ್ಡ ಶತ್ರು ಹೊಲಿಗೆ ತೂತು. ಆಷಾಢದ ಮಳೆಯಲ್ಲಿ ನೀರು ಹೊಲಿಗೆಯಿಂದ ಒಳಗಿಳಿದು ಸ್ಪಂಜು ಕುಡಿದು ಕೂತುಬಿಡುತ್ತದೆ. ಆಮೇಲೆ ಬಿಸಿಲು ಬಂದ ದಿನವೂ ಪ್ಯಾಂಟ್ ಒದ್ದೆ. ಕೂರುವ ಜಾಗದಲ್ಲಿ ಹೊಲಿಗೆ ಬೇಡ, ಪಕ್ಕಕ್ಕೆ ತೆಗೆಯಲು ಹೇಳಿ. ಸ್ಪಂಜಿಗೂ ರೆಕ್ಸಿನ್ನಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿಸಿ. ಮೇಲಿನ ಬಟ್ಟೆ ತೀರಾ ನುಣುಪಾಗಿರದೆ ಸ್ವಲ್ಪ ಒರಟಾಗಿರಲಿ. ಮಳೆ ಪ್ಯಾಂಟ್ ಹಾಕಿ ಕೂತಾಗ ಇದರ ಬೆಲೆ ಗೊತ್ತಾಗುತ್ತದೆ.

ಕೈಗೂ ಅಳತೆ ಇದೆ

ಕಾಲು ಚಿಕ್ಕದಿದ್ದವರಿಗೆ ಸಾಮಾನ್ಯವಾಗಿ ತೋಳು, ಅಂಗೈಯೂ ಚಿಕ್ಕವೇ. ಕಾಲಿನ ಚಿಂತೆಯಲ್ಲಿ ಇದನ್ನು ಮರೆಯುತ್ತಾರೆ. ಹ್ಯಾಂಡಲ್ ದೂರ ಆದರೆ ನೀವು ಮುಂದಕ್ಕೆ ಸರಿದು ಕೂರುತ್ತೀರಿ, ಸೀಟಿಗೆ ಮಾಡಿದ ಖರ್ಚು ವ್ಯರ್ಥ.

ಹ್ಯಾಂಡಲ್ ಹಿಡಿದಿರುವ ಕ್ಲಾಂಪಿನ ನಾಲ್ಕು ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪ ನಿಮ್ಮ ಕಡೆ ತಿರುಗಿಸಿ ನೋಡಿ. ಮೊಣಕೈ ಸ್ವಲ್ಪ ಮಡಿಸಿದಂತೆ ಇರಬೇಕು, ಪೂರ್ತಿ ಎಡಕ್ಕೆ ಬಲಕ್ಕೆ ತಿರುಗಿಸಿದಾಗಲೂ ಹೊರಗಿನ ಕೈ ಸೆಟೆಯಬಾರದು. ಸಾಲದಿದ್ದರೆ ಹ್ಯಾಂಡಲನ್ನು ಮೇಲಕ್ಕೂ ಹಿಂದಕ್ಕೂ ತರುವ ರೈಸರ್ ಸಿಗುತ್ತದೆ, ಒಂದಿಂಚು ಹಿಂದೆ ತಂದರೆ ಧಾರಾಳ. ರೈಸರ್ ಹಾಕಿದ ಮೇಲೆ ಇಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಇಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಹಾಗೇ ಓಡಿಸಿದರೆ ಹೇರ್‌ಪಿನ್ ತಿರುವಿನಲ್ಲಿ ಬೈಕ್ ತಾನಾಗಿಯೇ ಮುಂದೆ ನುಗ್ಗುತ್ತದೆ. ಬ್ರೇಕ್ ಹೋಸ್ ಬಿಗಿಯಾಗಿ ನಿಲ್ಲುತ್ತದಾ ಅಂತಲೂ ನೋಡಿ.

ಲಿವರಿಗೆ ಬರೋಣ. ಕ್ಲಚ್, ಬ್ರೇಕ್ ಲಿವರ್ ಬೆರಳಿನ ಮಧ್ಯದ ಗೆಣ್ಣಿಗೆ ಸಿಗಬೇಕು, ತುದಿಗೆ ಅಲ್ಲ. ದೂರ ಇದ್ದರೆ ಅಂತರ ಹೊಂದಿಸಬಹುದಾದ ಲಿವರ್ ಹಾಕಿಸಿ, ಒಳ್ಳೆಯದನ್ನೇ ಹಾಕಿಸಿ. ಅಗ್ಗದ ಬ್ರೇಕ್ ಲಿವರ್ ಮುರಿಯಲು ಘಾಟಿಗಿಂತ ಕೆಟ್ಟ ಜಾಗ ಇಲ್ಲ. ಕ್ಲಚ್ ಕೇಬಲಿಗೆ ಎಣ್ಣೆ ಬಿಟ್ಟು, ಲಿವರ್ ಬುಡದಲ್ಲಿ 2ರಿಂದ 3 ಮಿಮೀ ಸಡಿಲ ಇಟ್ಟರೆ ಅರ್ಧ ನೋವು ಹೋಗುತ್ತದೆ. ಮುಳ್ಳಯ್ಯನಗಿರಿ ದಾರಿಯ ಕೈಮರದಿಂದ ಮೇಲೆ ವಾರಾಂತ್ಯದ ಜಾಮಿನಲ್ಲಿ ಸಿಕ್ಕಿಕೊಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇನ್ನೊಂದು, ಯಾರೂ ಹೇಳದ ವಿಷಯ: ಮುಂದಿನ ಗಾಜು. ಎತ್ತರದ ವಿಂಡ್‌ಶೀಲ್ಡ್ ಎತ್ತರದವರಿಗೆ ಎದೆಯ ಮಟ್ಟಕ್ಕೆ ಬಂದರೆ ನಮ್ಮಂಥವರಿಗೆ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಸೀಟು ತಗ್ಗಿಸಿದ ಮೇಲೆ ಇನ್ನೂ ಕೆಟ್ಟದು. ಬಾಬಾಬುಡನ್‌ಗಿರಿ ಕಡೆ ಮಂಜು, ತುಂತುರು ಹನಿ ಬಿದ್ದಾಗ ಗಾಜಿನ ಮೂಲಕ ನೋಡಿದರೆ ರಸ್ತೆಯೇ ಕಾಣುವುದಿಲ್ಲ. ಗಾಜಿನ ಮೇಲಂಚು ಕಣ್ಣಿನಿಂದ ಎರಡಿಂಚಾದರೂ ಕೆಳಗಿರಬೇಕು. ಇಲ್ಲದಿದ್ದರೆ ತಗ್ಗಿನ ಗಾಜು ಹಾಕಿಸಿ, ಅಥವಾ ಮಳೆಗಾಲಕ್ಕೆ ಬಿಚ್ಚಿಡಿ.

ಬೈಕನ್ನೇ ಇಳಿಸುವುದು, ಅಂದರೆ ಕೊನೆಯ ದಾರಿ

ಇಷ್ಟೆಲ್ಲಾ ಆದಮೇಲೂ ಕಾಲು ಊರದಿದ್ದರೆ ಮಾತ್ರ ಇದನ್ನು ಓದಿ.

ಒಂದೇ ಶಾಕ್ ಇದ್ದು, ಅದು ಲಿಂಕೇಜ್ (ಶಾಕನ್ನು ಹಿಂದಿನ ಚಕ್ರದ ತೋಳಿಗೆ ಸೇರಿಸುವ ಪಟ್ಟಿಗಳು) ಮೇಲೆ ಕೆಲಸ ಮಾಡುವ ಬೈಕುಗಳಲ್ಲಿ ಮೂಲ ಲಿಂಕ್ ಪಟ್ಟಿ ತೆಗೆದು ಬೇರೆ ಉದ್ದದ್ದು ಹಾಕಿ ಹಿಂಭಾಗವನ್ನು ಇಳಿಸುತ್ತಾರೆ. ಹಿಂದೆ ಇಳಿಸಿ ಮುಂದೆ ಸ್ವಲ್ಪವೂ ಇಳಿಸದಿದ್ದರೆ ಬೈಕ್ ಮೂಗೆತ್ತಿಕೊಂಡು ನಿಲ್ಲುತ್ತದೆ, ತಿರುವಿನಲ್ಲಿ ಭಾರವಾಗುತ್ತದೆ. ಹಾಗಾಗಿ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಕೊಳವೆಗಳನ್ನು ಕ್ಲಾಂಪಿನಲ್ಲಿ ಮೇಲಕ್ಕೆ ಸರಿಸುತ್ತಾರೆ. ಮುಂದೆ 10, 15 ಮಿಮೀ, ಹಿಂದೆ 20, 25 ಮಿಮೀ. ಇದಕ್ಕಿಂತ ಜಾಸ್ತಿ ನಾನು ಯಾರಿಗೂ ಹೇಳುವುದಿಲ್ಲ. ಫೋರ್ಕ್ ಪೂರ್ತಿ ಕುಸಿದಾಗ ಮುಂದಿನ ಮಡ್‌ಗಾರ್ಡ್ ಕ್ಲಾಂಪಿಗೋ ರೇಡಿಯೇಟರಿಗೋ ಬಡಿಯುತ್ತದಾ, ಹಿಂದಿನ ಚಕ್ರ ಸೀಟಿನ ತಳಕ್ಕೆ ತಾಗುತ್ತದಾ ಅಂತ ಮೆಕ್ಯಾನಿಕ್ ಮುಂದೆ ನಿಂತು ನೋಡಿಕೊಳ್ಳಿ.

ಸೈಡ್ ಸ್ಟ್ಯಾಂಡ್ ಈಗ ಉದ್ದವಾಯಿತು. ಬೈಕ್ ನೆಟ್ಟಗೆ ನಿಲ್ಲುತ್ತದೆ, ಗಾಳಿಗೂ ಬಲಕ್ಕೆ ಬೀಳುತ್ತದೆ. ಸೀತಾಳಯ್ಯನಗಿರಿಯ ಗಾಳಿಗೆ ಗ್ಯಾರಂಟಿ. ಸ್ಟ್ಯಾಂಡ್ ಕತ್ತರಿಸಿ ವೆಲ್ಡ್ ಮಾಡಿಸಬೇಕು, ಆದರೆ ಬೈಕಿನಲ್ಲಿ ಇರುವಾಗಲೇ ವೆಲ್ಡ್ ಮಾಡಲು ಬಿಡಬೇಡಿ. ಇಂಜಿನ್ ನಡೆಸುವ ಕಂಪ್ಯೂಟರ್ (ಇಸಿಯು), ಬ್ರೇಕಿನ ಎಬಿಎಸ್‌ಗೆ ಪೆಟ್ಟು ಬೀಳಬಹುದು. ಸ್ಟ್ಯಾಂಡನ್ನು ಬಿಚ್ಚಿಕೊಂಡು ಹೋಗಿ ಮಾಡಿಸಿ ತನ್ನಿ. ಒಂದೇ ಸಲ ಜಾಸ್ತಿ ಕತ್ತರಿಸಬಾರದು. ತಳಕ್ಕೆ ಅಗಲ ತಗಡೊಂದನ್ನು ಸೇರಿಸಿಸಿ, ಮಳೆಗಾಲದ ಮೆತ್ತನೆ ಮಣ್ಣಿನಲ್ಲಿ ಹೂತುಹೋಗುವುದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕುವುದು ಮೊದಲಿಗಿಂತ ಕಷ್ಟವಾಗುತ್ತದೆ, ಅದಕ್ಕೆ ಸಿದ್ಧರಿರಿ.

ಹಿಮಾಲಯನ್ 411ರ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಬೈಕಿನ ಹೊಟ್ಟೆಗಿರುವ ಅಂತರ, 220 ಮಿಮೀ, ಮೀಟಿಯೋರಿನದು 170. ಒಂದಿಂಚು ಇಳಿಸಿದ ಹಿಮಾಲಯನ್ ತೋಟದ ದಾರಿಯಲ್ಲಿ ಇನ್ನೂ ನಡೆಯುತ್ತದೆ. ಎರಡಿಂಚು ಇಳಿಸಿದರೆ ಮೀಟಿಯೋರಿನ ಹೊಟ್ಟೆಯನ್ನೇ ಹಿಮಾಲಯನ್ನಿನ ದುಡ್ಡು, ತೂಕ ಕೊಟ್ಟು ತಂದ ಹಾಗೆ. ಅದರ ಬದಲು 765 ಮಿಮೀ ಸೀಟಿನ ಮೀಟಿಯೋರನ್ನೇ ತೆಗೆದುಕೊಳ್ಳಬಹುದಿತ್ತಲ್ವಾ?

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಸೀಟಿನ ಸ್ಪಂಜು, ಲಿವರ್, ಶಾಕಿನ ಪ್ರೀಲೋಡ್‌ಗಳಿಂದ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಶಾಕ್, ಲಿಂಕ್ ಬದಲಾಯಿಸುವ ಮುಂಚೆ ಮಾತ್ರ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ವಾರಂಟಿ ಇರುವ ಬೈಕಾದರೆ ಸರ್ವಿಸ್ ಸೆಂಟರಿನಲ್ಲೂ ಕೇಳಿ.

ಲಗೇಜ್

ಭಾರ ಕೆಳಗೆ, ಆದಷ್ಟು ಮುಂದೆ. ಇಷ್ಟೇ ನಿಯಮ. 17 ಲೀಟರ್ ಪೆಟ್ರೋಲ್ ಅಂದರೆ 12, 13 ಕೆಜಿ, ಅದೂ ಎತ್ತರದಲ್ಲಿ. ಹೊಸ ಬೈಕಿಗೆ ಒಗ್ಗಿಕೊಳ್ಳುವ ದಿನಗಳಲ್ಲಿ ಟ್ಯಾಂಕ್ ಪೂರ್ತಿ ತುಂಬಿಸದಿದ್ದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಹಿಂದೆ ಎತ್ತರದ ಟಾಪ್ ಬಾಕ್ಸ್ ಇಟ್ಟರೆ ಕಾಲು ಎತ್ತಿ ಹಾಕಲು ಆಗುವುದಿಲ್ಲ. ಎರಡೂ ಪಕ್ಕಕ್ಕೆ ಬೀಳುವ ಬ್ಯಾಗ್ ಒಳ್ಳೆಯದು. ಹತ್ತುವಾಗ ಬ್ಯಾಗಿನ ಮೇಲಿಂದ ಕಾಲು ಬೀಸುವ ಸಾಹಸ ಬೇಡ. ಎಡಗಡೆ ನಿಂತು, ಬಲ ಮೊಣಕಾಲು ಮಡಿಸಿ, ಸೀಟಿನ ಮೇಲಿಂದ ಪಾದವನ್ನು ಮುಂದೆ ಜಾರಿಸಿ ಆಚೆ ಇಳಿಸಿ. ಮುಂದಿನ ಬ್ರೇಕ್ ಹಿಡಿದೇ ಇರಬೇಕು.

ರಸ್ತೆಯಲ್ಲಿ ನಿಲ್ಲುವುದು

ನಮ್ಮ ರಸ್ತೆಗಳ ನಡು ಎತ್ತರ, ಅಂಚು ತಗ್ಗು. ನಾವು ಹೋಗುವುದು ಎಡಗಡೆ. ಅಂದರೆ ನೀವು ಅಂಚಿಗೆ ಬಂದು ನಿಂತಾಗ ಎಡಗಾಲಿನ ಕೆಳಗೆ ನೆಲ ಇನ್ನೂ ಕೆಳಗಿರುತ್ತದೆ. ಟಾರು ಮುರಿದ ಅಂಚಿನಾಚೆ ಕಾಲಿಟ್ಟರೆ ಒಂದು ಗೇಣು ತಗ್ಗು, ಮೇಲೆ ಹುಲ್ಲು ಬೆಳೆದಿರುವುದರಿಂದ ಕಾಣುವುದೂ ಇಲ್ಲ. ಎತ್ತರ ಕಮ್ಮಿ ಇರುವವರ ಬೈಕ್ ಬೀಳುವುದು ಬಹುತೇಕ ಹೀಗೆಯೇ, ನಿಂತಲ್ಲೇ. ಹಾಗಾಗಿ ಅಂಚಿಗೆ ಪೂರ್ತಿ ಹೋಗದೆ ಟಾರಿನ ಮೇಲೇ ನಿಲ್ಲಿ.

ಯಾವ ಕಾಲು? ಏರಿಲ್ಲದ, ಆದರೆ ಎಡಕ್ಕೆ ವಾಲಿದ ರಸ್ತೆಯಲ್ಲಿ ಮುಂದಿನ ಬ್ರೇಕ್ ಹಿಡಿದು ಬಲಗಾಲು ಊರುವುದು ಸುಲಭ. ಏರಿನಲ್ಲಿ ಮಾತ್ರ ಬಲಗಾಲು ಹಿಂದಿನ ಬ್ರೇಕ್ ಮೇಲೇ ಇರಲಿ, ಎಡಗಾಲು ಊರಿ. ಒದ್ದೆ ಏರಿನಲ್ಲಿ ಹೆಚ್ಚಿನ ಭಾರ ಹಿಂದಿನ ಚಕ್ರದ ಮೇಲಿರುತ್ತದೆ, ಮುಂದಿನ ಬ್ರೇಕ್ ಒಂದೇ ಹಿಡಿದರೆ ಬೈಕ್ ಹಿಂದಕ್ಕೆ ಜಾರಬಹುದು. ಯಾವ ಕಾಲು ಊರುತ್ತೀರೋ ಆ ಕಡೆಗೆ ಸೊಂಟವನ್ನು ಸೀಟಿನಿಂದ ಸ್ವಲ್ಪ ಜಾರಿಸಿ. ಪಾದ ಇನ್ನೂ ಒಂದಿಂಚು ಕೆಳಗೆ ಬರುತ್ತದೆ. ಊರಾಚೆ ಮನೆ ಕಟ್ಟದ ಖಾಲಿ ಲೇಔಟ್ ಸಿಕ್ಕರೆ ಇದನ್ನು ಎರಡೂ ಕಡೆಗೆ ಅಭ್ಯಾಸ ಮಾಡಿ, ಯೋಚಿಸದೆ ಬರುವವರೆಗೆ.

ಮುಳ್ಳಯ್ಯನಗಿರಿಯ ಕೊನೆಯ ಭಾಗದಂಥ ಸಪೂರ ರಸ್ತೆಯಲ್ಲಿ ಮೇಲಿಂದ ಜೀಪ್ ಬಂದರೆ ಎಲ್ಲರೂ ನಿಮ್ಮನ್ನು ಅಂಚಿಗೆ ತಳ್ಳುತ್ತಾರೆ. ದೂರದಲ್ಲಿ ಹೆಡ್‌ಲೈಟ್ ಕಂಡಾಗಲೇ ನೆಲ ಸಮ ಇರುವ ಕಡೆ ನಿಂತುಬಿಡಿ. ಹಿಂದಿನವರು ಹಾರ್ನ್ ಹೊಡೆಯಲಿ, ಹೊಡೆದುಕೊಳ್ಳಲಿ.

ಪಾರ್ಕಿಂಗಿಗೂ ಇದೇ ಮುಂದಾಲೋಚನೆ ಬೇಕು. ಕೂತು ಕಾಲಲ್ಲಿ ಹಿಂದಕ್ಕೆ ತಳ್ಳುವುದು ನಮ್ಮಿಂದ ಆಗದ ಕೆಲಸ. ಹಾಗಾಗಿ ಹೊರಡುವ ದಿಕ್ಕಿಗೆ ಮುಖ ಮಾಡಿಯೇ ನಿಲ್ಲಿಸಿ. ಇಳಿಜಾರಿನಲ್ಲಿ ಮುಂದಿನ ಚಕ್ರ ಏರಿನ ಕಡೆಗಿರಲಿ, ಮೊದಲ ಗೇರಿನಲ್ಲಿ ಬಿಡಿ. ಹಿಂದೆ ಸರಿಸಲೇಬೇಕಾದರೆ ಇಳಿದು, ಬೈಕಿನ ಎಡಕ್ಕೆ ನಿಂತು, ಸೊಂಟವನ್ನು ಸೀಟಿಗೆ ಒತ್ತಿಕೊಂಡು ಸರಿಸಿ.

ಬಿತ್ತು ಅನ್ನಿ. ಮೊದಲು ಇಂಜಿನ್ ಆಫ್. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ತೆಗೆದಿಡಿ, ಗೇರಿನಲ್ಲಿರಲಿ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಬೆನ್ನನ್ನು ಸೀಟಿಗೆ ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈಯಲ್ಲಿ ಕೆಳಗಿನ ಹಿಡಿ, ಇನ್ನೊಂದರಲ್ಲಿ ಹಿಂದೆ ಕೂರುವವರು ಹಿಡಿಯುವ ಕಂಬಿ (ಗ್ರಾಬ್ ರೈಲ್) ಹಿಡಿದು, ಕಾಲಿನ ಬಲದಿಂದ ಸಣ್ಣ ಸಣ್ಣ ಹೆಜ್ಜೆ ಹಿಂದಿಡುತ್ತಾ ಎದ್ದೇಳಿ. ಬೆನ್ನು ಬಗ್ಗಿಸಿ ಎತ್ತಬಾರದು. ಯಾರಾದರೂ "ಮೇಡಂ, ಹೆಲ್ಪ್ ಬೇಕಾ?" ಅಂದರೆ "ಬೇಕು" ಅನ್ನಿ, 200 ಕೆಜಿಯ ಮುಂದೆ ಸ್ವಾಭಿಮಾನ ಬೇಡ.

ಮೊದಲ ದೊಡ್ಡ ಪ್ರಯಾಣದ ನಂತರ

ಬೇಲೂರು, ಹಾಸನ, ಸಕಲೇಶಪುರ ಅಂತ ಒಂದು ಸುತ್ತು ಹೊಡೆದು ಬಂದ ಮೇಲೆ ಬಿಚ್ಚಿ ಹಾಕಿದ ಪ್ರತಿ ಬೋಲ್ಟಿನ ಬಿಗಿ ನೋಡಿ: ಹ್ಯಾಂಡಲ್ ಕ್ಲಾಂಪ್, ರೈಸರ್, ಸೈಡ್ ಸ್ಟ್ಯಾಂಡ್, ಲಿಂಕ್ ಬದಲಾಯಿಸಿದ್ದರೆ ಅದರ ನಟ್‌ಗಳು. ಟಾರ್ಕ್ ರೆಂಚ್ (ಅಳತೆ ಪ್ರಕಾರ ಬಿಗಿ ಮಾಡುವ ಸ್ಪ್ಯಾನರ್) ಇರುವ ಕಡೆ ಮಾಡಿಸಿ. ಬೈಕ್ ಇಳಿಸಿದ್ದರೆ ಚೈನಿನ ಸಡಿಲವನ್ನು ಹೊಸದಾಗಿ ಹೊಂದಿಸಬೇಕು. ನೀವು ಕೂತು, ಬೈಕ್ ಕುಸಿದಿರುವಾಗಲೂ ಚೈನಿನಲ್ಲಿ ಸ್ವಲ್ಪ ಸಡಿಲ ಉಳಿದಿರಬೇಕು. ಕನ್ನಡಿಗಳನ್ನು ಹೊಸ ಸೀಟಿಗೆ ತಕ್ಕಂತೆ ತಿರುಗಿಸಿಕೊಳ್ಳಿ. ಹಿಂಭಾಗ ತಗ್ಗಿದ್ದರೆ ಹೆಡ್‌ಲೈಟ್ ಮೇಲೆ ನೋಡುತ್ತಿರುತ್ತದೆ. ಸಂಜೆ ಗೋಡೆಯೊಂದರ ಎದುರು ನಿಲ್ಲಿಸಿ, ನೀವು ಕೂತೇ ಬೆಳಕು ಎಲ್ಲಿ ಬೀಳುತ್ತದೆ ನೋಡಿ, ಹೆಡ್‌ಲೈಟ್ ಹೊಂದಿಸುವ ಸ್ಕ್ರೂ ತಿರುಗಿಸಿ ಇಳಿಸಿ.